ಏನಾದರೂ ಮಾಡಲೇಬೇಕೆ?

‘ಮಾಸಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾವ ಮನೆಯವರೂ ಸುಮ್ಮನೆ ಕೂರುವುದಿಲ್ಲ. ಹನೂರು, ಯಳಂದೂರಿನವರು ಕೊಳ್ಳೇಗಾಲಕ್ಕೋ ಮೈಸೂರಿಗೋ ಓಡುತ್ತಾರೆ. ಹಿಂದೆ ಎರಡು ಮೂರು ಬಸುರು ನಿಲ್ಲದೆ ಹೋಗಿದ್ದರಂತೂ ‘ಏನಾದ್ರೂ ಮಾಡಿ ಡಾಕ್ಟ್ರೇ’ ಎಂದು ಅಂಗಲಾಚುತ್ತಾರೆ. ಆ ‘ಏನಾದ್ರೂ’ಗೆ ಸಿಗುವ ಒಂದು ಉತ್ತರ ಹೆಪಾರಿನ್: ರಕ್ತ ತೆಳು ಮಾಡಲೆಂದು ದಿನವೂ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್.

ಇದರ ತರ್ಕ ಸೊಗಸಾಗಿದೆ. ಮಾಸಿನ ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟದಂತೆ ತಡೆದರೆ ಮಗುವಿಗೆ ಆಹಾರ ತಲುಪೀತು. ಔಷಧಿಯ ಅಣು ದೊಡ್ಡದಾದ್ದರಿಂದ ಮಾಸು ದಾಟಿ ಮಗುವನ್ನು ಮುಟ್ಟದು. ರಕ್ತ ಬೇಗ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಎಂಬ ತೊಂದರೆ ಪರೀಕ್ಷೆಯಲ್ಲಿ ಖಚಿತವಾದವರಿಗೆ ಆಸ್ಪಿರಿನ್ ಜೊತೆ ಇದನ್ನು ಕೊಡುವುದು ಒಪ್ಪಿತ ಕ್ರಮ. ನನ್ನ ತಕರಾರು ಉಳಿದವರ ವಿಷಯದಲ್ಲಿ. ಹುಟ್ಟಿನಿಂದಲೇ ಹೆಪ್ಪುಗಟ್ಟುವ ಗುಣವಿದ್ದು, ಎರಡು ಅಥವಾ ಹೆಚ್ಚು ಸಲ ಬಸುರು ಕಳೆದುಕೊಂಡ 326 ಹೆಂಗಸರ ಅಧ್ಯಯನವೊಂದು 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 72 ಮಂದಿ ಮಗುವನ್ನು ಕಂಡರು; ಬರೀ ನಿಗಾದಲ್ಲಿದ್ದವರಲ್ಲಿ 71 ಮಂದಿ. ಮಗುವಿನ ಬೆಳವಣಿಗೆ, ತಾಯಿಯ ರಕ್ತದೊತ್ತಡವನ್ನೂ ಲೆಕ್ಕ ಹಿಡಿದ 2014ರ ಟಿಪ್ಸ್ ಎಂಬ ಅಧ್ಯಯನಕ್ಕೂ ಲಾಭ ಕಾಣಲಿಲ್ಲ.

ಆ 71 ಮಂದಿಗೂ ಇಂಜೆಕ್ಷನ್ ಕೊಟ್ಟಿದ್ದರೆ ಕೀರ್ತಿಯೆಲ್ಲ ಅದಕ್ಕೇ ಹೋಗುತ್ತಿತ್ತು. ಮಗು ಉಳಿಯದಿದ್ದರೋ, ‘ನಡುವೆ ಒಂದಿನ ಬಿಟ್ಟೆಯಲ್ಲ’ ಎಂದು ತಪ್ಪು ತಾಯಿಯ ತಲೆಗೆ. ಗೆದ್ದರೆ ಔಷಧಿಯದು, ಸೋತರೆ ಹೆಂಗಸಿನದು ಎಂಬ ಈ ಲೆಕ್ಕ ನನಗೆ ಚುಚ್ಚುವ ಸೂಜಿಗಿಂತ ಕ್ರೂರವಾಗಿ ಕಾಣುತ್ತದೆ.

‘ಕೆಡುಕೇನಿಲ್ಲವಲ್ಲ, ಧೈರ್ಯಕ್ಕಾದರೂ ಇರಲಿ’ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಮಾದಪ್ಪನಿಗೆ ಹರಕೆ ಹೊರುವುದೂ ಧೈರ್ಯಕ್ಕೇ. ಆದರೆ ಹರಕೆ ತೀರಿಸುವುದು ಫಲ ಸಿಕ್ಕ ಮೇಲೆ. ಇಂಜೆಕ್ಷನ್ನಿಗೆ ದುಡ್ಡು ಮೊದಲೇ, ದಿನಾ, ತಿಂಗಳುಗಟ್ಟಲೆ. ಹರಕೆ ತಾನು ಔಷಧಿಯೆಂದು ಹೇಳಿಕೊಳ್ಳುವುದೂ ಇಲ್ಲ. ಧೈರ್ಯವನ್ನು ಚಿಕಿತ್ಸೆಯೆಂದು ಕೊಟ್ಟರೆ ಬಸುರಿ ಒಪ್ಪಿದ್ದು ಯಾವುದಕ್ಕೆ? ಕೆಡುಕಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಇಂಜೆಕ್ಷನ್ ಆಗಿ ಹನ್ನೆರಡು ಗಂಟೆಯಾದರೂ ಕಳೆಯದೆ ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿ.ಮೀ. ಇರುವಾಗ, ನೋವು ದಿಢೀರನೆ ಶುರುವಾದವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಆ 71 ಮಂದಿಗೆ ಸಿಕ್ಕ ‘ಬರೀ ನಿಗಾ’. ಬೆಟ್ಟದ ಪೋಡುಗಳ, ಅಂದರೆ ಕಾಡಿನ ಹಾಡಿಗಳ, ಬಸುರಿಗೆ ಅಪರೂಪವಾಗಿರುವುದು ಅದೇ ಅಲ್ಲವೆ? ನಿಗಾ ಎಂದರೆ ಕೈಕಟ್ಟಿ ಕೂರುವುದಲ್ಲ: ಬಿ.ಪಿ. ನೋಡುವುದು, ಹೊಟ್ಟೆ ಬೆಳೆಯುತ್ತಿದೆಯೇ ಎಂದು ಅಳೆಯುವುದು, ಬೇಕಾದಾಗ ಸ್ಕ್ಯಾನಿಂಗ್. ಬಿ.ಪಿ. ಏರುವ ಅಪಾಯವಿದ್ದವರಿಗೆ ನಾಲ್ಕು ತಿಂಗಳು ತುಂಬುವುದರೊಳಗೆ ಶುರುಮಾಡುವ ಅಗ್ಗದ ಆಸ್ಪಿರಿನ್ ಮಾತ್ರೆಗೆ ಹೆಪಾರಿನ್ನಿಗಿಲ್ಲದ ಪುರಾವೆಯಿದೆ. ಇದರಲ್ಲಿ ಬಹುಪಾಲು ಕೆಲಸಕ್ಕೆ, 1996ರಲ್ಲಿ ಕರುಣಾ ಟ್ರಸ್ಟ್ ಎಂಬ ಸೇವಾಸಂಸ್ಥೆ ವಹಿಸಿಕೊಂಡ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಂಥ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ನೀರಸ ಕೆಲಸ; ಮಾಡಿದವರ ಹೆಸರು ಯಾರೂ ನೆನೆಯುವುದಿಲ್ಲ.

ಈಗಾಗಲೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ. ಯಾವ ಪರೀಕ್ಷೆ ನೋಡಿ ಇದನ್ನು ಬರೆದಿರಿ ಎಂದು ಮಾತ್ರ ವೈದ್ಯರನ್ನು ಕೇಳಿ.