ಭಯದಲ್ಲಿ ಮಾಡಿದ್ದಕ್ಕೆ ಲೆಕ್ಕ ಕೊಡಬೇಕೋ?

ಹಾನಗಲ್ಲ ಕಡೆಯ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬ ಸಹೋದರನು ಎರಡು ಸಾರಿ ಕರ್ತನ ರಾತ್ರಿಭೋಜನಕ್ಕೆ ಹೆಸರು ಕೊಡದೆ ಹಿಂದೆ ನಿಂತನು. ಅವನು ಕುಡುಕನಲ್ಲ, ಜಗಳಗಂಟನಲ್ಲ, ಸಾಲಗಾರರಿಗೆ ಮುಖ ಮರೆಸಿಕೊಳ್ಳುವವನೂ ಅಲ್ಲ. ಕಾರಣವೇನೆಂದು ಹಿರಿಯರು ವಿಚಾರಿಸಿದಾಗ ಸುಮ್ಮನಿದ್ದನು. ಕಡೆಗೆ ಒಂದು ಸಂಜೆ ನಮ್ಮ ಬಳಿಗೆ ಬಂದು ಬಾಗಿಲ ಬಳಿಯಲ್ಲೇ ಕುಳಿತು, “ಅಯ್ಯನವರೇ, ಅಂಜಿಕೆಯಲ್ಲಿ ಮಾಡಿದ್ದು ಪಾಪದ ಲೆಕ್ಕಕ್ಕೆ ಸೇರುತ್ತದೋ? ಸೇರುವದಾದರೆ ಯಾವ ಗಳಿಗೆಯಿಂದ ಸೇರುತ್ತದೆ?” ಎಂದು ಕೇಳಿದನು. ಆ ಸಂಜೆ ನಾವು ಅವನಿಗೆ ತಕ್ಕ ಉತ್ತರ ಕೊಡಲಾರದೆ ಹೋದೆವು. ಆ ಮೇಲೆ ನಾವು ಯೋಚಿಸಿದ್ದನ್ನು ಅವನ ಅಪ್ಪಣೆಯಿಂದಲೇ, ಊರ ಹೆಸರನ್ನೂ ಅವನ ಹೆಸರನ್ನೂ ಬಿಟ್ಟು, ಇಲ್ಲಿ ಬರೆಯುತ್ತೇವೆ.

ನಡೆದ ಸಂಗತಿ ಹೀಗೆ. ಆ ಸಹೋದರನೂ ಅವನ ತಂಗಿಯ ಗಂಡನೂ ಊರ ಕೆರೆಯಲ್ಲಿ ಮೀನು ಹಿಡಿದು ಜೀವಿಸುವವರು. ಬಿದಿರಿನಿಂದ ಹೆಣೆದ ದುಂಡಾದ ತೆಪ್ಪದಲ್ಲಿ ಒಬ್ಬನು ಹುಟ್ಟು ಹಾಕುವನು, ಮತ್ತೊಬ್ಬನು ಬಲೆ ಬಿಡುವನು. ಹಿರಿಯವನು ಕೆರೆಯಲ್ಲೇ ಬೆಳೆದವನಾದ್ದರಿಂದ ಮೀನಿನಂತೆ ಈಜುವನು. ಕಿರಿಯವನು ನೀರು ಕಾಣದ ಬಯಲು ಸೀಮೆಯಿಂದ ಮದುವೆಯಾಗಿ ಬಂದವನು. ಅವನಿಗೆ ಈಜು ಬಾರದು. ಕೆರೆಯ ಮೂಡಲ ಅಂಚಿನಲ್ಲಿ ಒಂದು ಹಳೇ ಆಲದ ಮರವುಂಟು. ಅದರ ಕೊಂಬೆಗಳು ನೀರಿನ ಮೇಲೆ ಚಾಚಿಕೊಂಡಿರುವದರಿಂದ ಬಿಸಿಲು ಏರಿದ ಮೇಲೆ ಮೀನುಗಳು ಆ ನೆರಳಿಗೆ ಸೇರುವವು. ಮೀನಿನ ಹಿಂದೆ ಇವರೂ ಸೇರುವರು.

ಮಳೆಗಾಲ ಮುಗಿದ ಕೆಲವು ದಿವಸಗಳ ಮೇಲೆ ಇವರು ಕೆರೆಯ ನಡುವೆ ಇರುವಾಗ ಒಂದು ಹೆಜ್ಜೇನಿನ ದಂಡು ಮೊರೆಯುತ್ತಾ ಅವರ ತಲೆಯ ಮೇಲೆಯೇ ಹಾದು ಹೋಗಿ, ನೀರಿನಲ್ಲಿ ನಿಂತ ಒಂದು ಒಣ ಜಾಲಿಯ ಮರಕ್ಕೆ ಗೊಂಚಲಾಗಿ ಜೋತುಬಿದ್ದಿತು. ಇಬ್ಬರೂ ಅಂಜಿ ತೆಪ್ಪದಲ್ಲಿ ಮಲಗಿಕೊಂಡರು. ಆದರೆ ಏನೂ ಆಗಲಿಲ್ಲ. ಎರಡು ದಿನ ಆ ಗೊಂಚಲು ಅಲ್ಲೇ ಇದ್ದಿತು. ಇವರು ಹತ್ತು ಮಾರು ದೂರದಲ್ಲಿ ಬಲೆ ಬಿಟ್ಟರೂ ಒಂದು ನೊಣವೂ ಬಂದು ಮುಟ್ಟಲಿಲ್ಲ. ಇದರಲ್ಲಿ ಅದ್ಭುತವೇನೂ ಇಲ್ಲ. ಹೆಜ್ಜೇನು ವರ್ಷ ವರ್ಷವೂ ಹೂವಿನ ಕಾಲವನ್ನು ಅನುಸರಿಸಿ ಸೀಮೆಯಿಂದ ಸೀಮೆಗೆ ದಂಡೆತ್ತಿ ಹೋಗುವದು. ನಡುವೆ ದಣಿದು ಎಲ್ಲಿಯಾದರೂ ತಂಗುವದು. ಆಗ ಅದಕ್ಕೆ ಕಾಯಬೇಕಾದ ಗೂಡಿಲ್ಲ, ಮರಿಯಿಲ್ಲ, ತುಪ್ಪವಿಲ್ಲ. ಕಾಯುವದಕ್ಕೆ ಏನೂ ಇಲ್ಲದಿರುವಾಗ ಅದು ಬಹಳ ಸಾಧುವಾಗಿರುವದು. ಆದರೆ ಇದನ್ನು ಕಂಡ ನಮ್ಮ ಇಬ್ಬರು ಸಹೋದರರು ಜೇನೆಂದರೆ ಇಷ್ಟೇ ಎಂದು ತಿಳಿದುಕೊಂಡರು. ಕೆಡುಕು ಅಲ್ಲಿಂದ ಹುಟ್ಟಿತು.

ಯಾಕಂದರೆ ಆ ದಂಡು ತರುವಾಯ ಆಲದ ಮರಕ್ಕೆ ಹೋಗಿ ಗೂಡು ಕಟ್ಟಿತು. ಅದರ ಹಿಂದೆ ಮತ್ತೆ ಏಳೆಂಟು ದಂಡುಗಳು ಬಂದು ಕಟ್ಟಿದವು. ಒಂದೇ ಮರದಲ್ಲಿ ಹೀಗೆ ಅನೇಕ ಗೂಡುಗಳನ್ನು ಕಟ್ಟುವದು ಹೆಜ್ಜೇನಿನ ಸ್ವಭಾವ. ನಂದಗುಡಿಯ ಸಮೀಪದ ರಾಮಗೋವಿಂದಪುರದಲ್ಲಿ ಒಂದೇ ಆಲದ ಮರದಲ್ಲಿ ನೂರಾರು ಗೂಡುಗಳಾದದ್ದುಂಟು. ಕೊಂಬೆಯ ಕೆಳಗೆ ಬಯಲಿನಲ್ಲಿಯೇ ಒಂದೊಂದು ದಂಡಿಗೆ ಒಂದೇ ದೊಡ್ಡ ಎರಿ. ಅದು ಒಂದು ಗಜದಷ್ಟು ಅಗಲವಾಗಿರುವದೂ ಉಂಟು. ಅದಕ್ಕೆ ಪೊಟರೆಯ ಆಶ್ರಯವಿಲ್ಲ, ಪೆಟ್ಟಿಗೆಯ ಮರೆಯಿಲ್ಲ. ನೊಣಗಳೇ ಒಂದರ ಮೇಲೊಂದು ಕವಿದುಕೊಂಡು ತಮ್ಮ ಮೈಯನ್ನೇ ಗೋಡೆಯಾಗಿ ಮಾಡಿರುವವು. ಕಣಜವು ಹತ್ತಿರ ಸುಳಿದರೆ ಸಾವಿರಾರು ನೊಣಗಳು ಸಾಲುಸಾಲಾಗಿ ಹೊಟ್ಟೆಯನ್ನು ಎತ್ತಿ, ಗಾಳಿಗೆ ಜೋಳದ ಹೊಲ ತೂಗಿದಂತೆ ಅಲೆಯೆಬ್ಬಿಸಿ ಹೆದರಿಸುವವು. ಅದಕ್ಕೂ ಮಿಕ್ಕಿ ಬಂದ ಶತ್ರುವನ್ನು ಬಹು ದೂರದ ವರೆಗೆ ಅಟ್ಟಿಕೊಂಡು ಹೋಗುವವು. ಅಮೋರಿಯರು ಇಸ್ರಾಯೇಲ್ಯರನ್ನು ಓಡಿಸಿದ ರೀತಿಯನ್ನು ಮೋಶೆಯು ವಿವರಿಸುವಾಗ ಜೇನ್ನೊಣಗಳನ್ನೇ ಹೋಲಿಕೆಯಾಗಿ ತೆಗೆದುಕೊಂಡದ್ದು (ಧರ್ಮೋ. 1, 44) ವ್ಯರ್ಥವಾಗಿ ಅಲ್ಲ.

ಸುಗ್ಗಿಯ ಕಾಲದಲ್ಲಿ ಒಂದು ದಿನ ಇವರು ಆ ಮರದ ನೆರಳಿನಲ್ಲಿ ಬಲೆ ಎತ್ತುತ್ತಿರುವಾಗ ಜೇನು ತಿನ್ನುವ ಗಿಡುಗವೊಂದು ಬಂದು ಒಂದು ಗೂಡನ್ನು ಹೊಡೆಯಿತು. ಈ ಹಕ್ಕಿಯ ಮುಖದ ಗರಿಗಳು ದಟ್ಟವಾಗಿಯೂ ಗಟ್ಟಿಯಾಗಿಯೂ ಇರುವದರಿಂದ ಅದು ನೊಣಗಳಿಗೆ ಅಂಜದು. ಅದು ಎರಿಯ ತುಂಡನ್ನು ಕಿತ್ತುಕೊಂಡು ಹಾರಿಹೋಯಿತು. ಅದರ ಮೇಲಿನ ಸಿಟ್ಟು ಕೆಳಗೆ ಇದ್ದ ಇಬ್ಬರ ಮೇಲೆ ಇಳಿಯಿತು. ಇವರು ಕಲ್ಲೆಸೆದವರಲ್ಲ, ಹೊಗೆ ಹಾಕಿದವರಲ್ಲ. ಮೊದಲಿನ ಕೊಂಡಿ ನಾಟಿದ ಕ್ಷಣದಲ್ಲಿ ಹಿರಿಯವನು ನೀರಿಗೆ ಹಾರಿದನು. ತಲೆ ಎತ್ತಿದಾಗೆಲ್ಲಾ ನೊಣಗಳು ನೀರಿನ ಮೇಲೆಯೇ ಕಾದಿದ್ದು ಮುಖಕ್ಕೆ ಕವಿದವು. ಮುಳುಗುತ್ತಾ ಏಳುತ್ತಾ ಮೂವತ್ತು ಮಾರು ಈಜಿ ಜೊಂಡಿನೊಳಗೆ ಹೊಕ್ಕು, ತೊಟ್ಟಿದ್ದ ಒದ್ದೆ ಅಂಗಿಯನ್ನು ತಲೆಗೆ ಸುತ್ತಿಕೊಂಡು ಕೊರಳ ಮಟ್ಟದ ನೀರಿನಲ್ಲಿ ಕುಳಿತನು. ಅಲ್ಲಿ ನೊಣಗಳು ಕಡಿಮೆಯಾದವು. ಅಲ್ಲಿ ಅವನಿಗೆ ಉಸಿರು ಬಂತು. ಉಸಿರು ಬಂದ ಮೇಲೆ, ತೆಪ್ಪದೊಳಗಿಂದ “ಭಾವಾ, ಭಾವಾ” ಎಂದು ಕೂಗುವದು ಅವನ ಕಿವಿಗೆ ಬಿತ್ತು.

ಅವನು ಹೋಗಲಿಲ್ಲ. ಎಷ್ಟು ಹೊತ್ತು ಹಾಗೆ ಕುಳಿತಿದ್ದನೋ ತಿಳಿಯದು, ಕೂಗು ನಿಂತಿತು. ಗಾಳಿಯು ತೆಪ್ಪವನ್ನು ನೂಕಿ ಏರಿಯ ಕಡೆಗೆ ಒಯ್ದಾಗ ಕುರಿ ಕಾಯುವ ಹುಡುಗರು ಹುಲ್ಲಿಗೆ ಬೆಂಕಿ ಹಚ್ಚಿ, ಹೊಗೆಯ ಮರೆಯಲ್ಲಿ ಕಂಬಳಿ ಹೊದ್ದು ಕಿರಿಯವನನ್ನು ಎಳೆದುಕೊಂಡರು. ಅವನ ಮೈಯೆಲ್ಲಾ ಕೊಂಡಿಗಳಿದ್ದವು. ಇಂಥ ವಿಷವು ಹೆಚ್ಚಾದರೆ ಮೂತ್ರಪಿಂಡಗಳಿಗೂ ಕೇಡು ತಟ್ಟುವದು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು, ದೇವರ ಕೃಪೆಯಿಂದ ಬದುಕಿದನು. (ನಮ್ಮ ವಾಚಕರಲ್ಲಿ ಕೆರೆಗೂ ಕಾಡಿಗೂ ಹೋಗುವವರು ಇಷ್ಟನ್ನು ನೆನಪಿಡಲಿ: ಹೆಜ್ಜೇನು ಎದ್ದಾಗ ಕೈ ಬೀಸಬಾರದು, ಮುಖ ಮುಚ್ಚಿಕೊಂಡು ಮನೆಯೊಳಗೋ ದಟ್ಟವಾದ ಪೊದೆಯೊಳಗೋ ಓಡಬೇಕು, ನೀರನ್ನು ನಂಬಬಾರದು. ನಾಟಿದ ಕೊಂಡಿಯನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಬೇಕು, ಯಾಕಂದರೆ ಅದು ನೊಣದಿಂದ ಕಿತ್ತು ಬಂದ ಮೇಲೂ ವಿಷ ಹಿಂಡುತ್ತಿರುವದು, ಅದರ ವಾಸನೆಯು ಬೇರೆ ನೊಣಗಳನ್ನು ಕರೆಯುವದು. ಬಹಳ ಕೊಂಡಿ ಬಿದ್ದವನನ್ನು ಮನೆಮದ್ದಿಗೆ ಬಿಡದೆ ಆಸ್ಪತ್ರೆಗೆ ಒಯ್ಯಬೇಕು.)

ಊರವರು ಹಿರಿಯವನನ್ನು ಕೇಳಿದಾಗ, “ಸಹಾಯಕ್ಕೆ ಜನರನ್ನು ಕರೆಯಬೇಕೆಂದು ಈಜಿಕೊಂಡು ಬಂದೆ” ಎಂದು ಹೇಳಿದನು. ಎಲ್ಲರೂ ನಂಬಿದರು. ಅಷ್ಟು ಕೊಂಡಿ ತಿಂದರೂ ಮೈದುನನಿಗಾಗಿ ಈಜಿದನಲ್ಲಾ ಎಂದು ಹೊಗಳಿದರು. ತಂಗಿಯು ಅವನಿಗೆ ಎಡೆ ಮಾಡಿ ಬಡಿಸಿದಳು. ಆ ಅನ್ನ ತನ್ನ ಗಂಟಲಿಗೆ ಇಳಿಯಲಿಲ್ಲವೆಂದು ಅವನು ನಮಗೆ ಹೇಳಿದನು.

ಇದನ್ನು ಹೆಸರು ಹೇಳದೆ ನಾವು ಇಬ್ಬರು ಹಿರಿಯರ ಮುಂದೆ ಇಟ್ಟೆವು. ಒಬ್ಬರು, “ಭಯವು ಶರೀರದ್ದು, ಶರೀರಕ್ಕೆ ಪಾಪವನ್ನು ಹೊರಿಸಿದರೆ ಜ್ವರಕ್ಕೂ ಹೊರಿಸಬೇಕಾದೀತು” ಎಂದರು. ಮತ್ತೊಬ್ಬರು, “ತನ್ನ ಪ್ರಾಣವನ್ನು ಉಳಿಸಿಕೊಂಡವನು ಎರಡನೇ ಆಜ್ಞೆಯನ್ನು ಮುರಿದನು” ಎಂದರು. ನೆರೆಯವನನ್ನು ಪ್ರೀತಿಸಬೇಕೆಂಬ ಕರ್ತನ ಆಜ್ಞೆಯನ್ನು ಮನಸ್ಸಿನಲ್ಲಿಟ್ಟು ಹಾಗೆ ಹೇಳಿದರು. ಇಬ್ಬರೂ ದೈವಭಕ್ತರು. ಇಬ್ಬರ ಮಾತೂ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ.

ಮೊದಲಿನವರ ಮಾತಿನಲ್ಲಿ ಸತ್ಯವುಂಟು. ಕ್ರಿಸ್ತನಿಗಿಂತ 300 ವರ್ಷಕ್ಕೂ ಮುಂಚೆ ಇದ್ದ ಗ್ರೀಕ್ ಪಂಡಿತನಾದ ಅರಿಸ್ಟಾಟಲನು ಬಿರುಗಾಳಿಯಲ್ಲಿ ಸರಕನ್ನು ಸಮುದ್ರಕ್ಕೆ ಎಸೆಯುವ ನಾವಿಕನ ದೃಷ್ಟಾಂತವನ್ನು ತೆಗೆದುಕೊಂಡು, ಅಂಥ ಕೆಲಸವು ಪೂರಾ ಮನಃಪೂರ್ವಕವೂ ಅಲ್ಲ, ಪೂರಾ ಬಲಾತ್ಕಾರವೂ ಅಲ್ಲ, ಎರಡೂ ಬೆರೆತದ್ದು ಎಂದು ವಿಚಾರಿಸಿದನು. ಮನುಷ್ಯಸ್ವಭಾವಕ್ಕೆ ಮೀರಿದ ಒತ್ತಡದಲ್ಲಿ ಮಾಡಿದ್ದಕ್ಕೆ ಜನರು ಕ್ಷಮೆ ಕೊಡುತ್ತಾರೆಂದೂ ಹೇಳಿದನು. ನಾವಿಕನಿಗಾದರೂ ಎಸೆಯಲೋ ಬೇಡವೋ ಎಂದು ನೋಡುವಷ್ಟು ಸಮಯವುಂಟು. ಕಣ್ಣ ರೆಪ್ಪೆಗೆ ಕೊಂಡಿ ನಾಟಿದವನಿಗೆ ಅಷ್ಟೂ ಇಲ್ಲ. ಬೆಂಕಿ ತಗಲಿದ ಕೈ ಹಿಂದಕ್ಕೆ ಬರುವಂತೆ ಅವನ ಮೈ ನೀರಿಗೆ ಹಾರಿತು. ಆ ಹಾರಿಕೆಯನ್ನು ಪಾಪವೆನ್ನುವದಕ್ಕೆ ನಮಗೆ ಧೈರ್ಯ ಸಾಲದು. ಗೆತ್ಸೇಮನೆಯಲ್ಲಿ ಶಿಷ್ಯರೆಲ್ಲರೂ ಓಡಿಹೋದರು; ಹೊದ್ದ ಬಟ್ಟೆಯನ್ನು ಹಿಡಿದವರ ಕೈಯಲ್ಲೇ ಬಿಟ್ಟು ಬೆತ್ತಲೆಯಾಗಿ ಓಡಿದ ಒಬ್ಬ ಯೌವನಸ್ಥನ ಸಂಗತಿಯನ್ನು ಮಾರ್ಕನು ಬರೆದಿಟ್ಟಿದ್ದಾನೆ. ಅವನನ್ನು ನಿಂದಿಸುವ ಒಂದು ಮಾತೂ ಅಲ್ಲಿಲ್ಲ.

ಆದರೆ ಭಯವು ಒಂದೇ ರೂಪದಲ್ಲಿ ಇರುವದಿಲ್ಲ. ಪೇತ್ರನನ್ನು ನೋಡಿರಿ. ಅವನು ಓಡಿದವರಲ್ಲಿ ಒಬ್ಬನು. ಆದರೂ ತಿರುಗಿ ದೂರದಿಂದ ಹಿಂಬಾಲಿಸಿದನು. ಅವನು ಕರ್ತನನ್ನು ಅರಿಯೆನೆಂದು ಹೇಳಿದ್ದು ಓಡುವಾಗ ಅಲ್ಲ, ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುವಾಗ. ಲೂಕನ ಬರಹದ ಪ್ರಕಾರ ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ ಹೆಚ್ಚುಕಡಿಮೆ ಒಂದು ತಾಸು ಕಳೆದಿತ್ತು. ಒಂದು ತಾಸು! ಅಷ್ಟರಲ್ಲಿ ಉಸಿರು ಬರುವದು, ಕೈ ಬೆಚ್ಚಗಾಗುವದು, ಎದ್ದು ಹೋಗುವದಕ್ಕೂ ಸಮಯವುಂಟು. ಆ ತಾಸಿನಲ್ಲಿ ಇದ್ದ ಭಯವು ಇನ್ನು ಶರೀರದ್ದಲ್ಲ. ಅವನು ಅದಕ್ಕೆ ತನ್ನೊಳಗೆ ಕೂಡಲು ಸ್ಥಳ ಕೊಟ್ಟಿದ್ದನು. ನಮ್ಮ ಸಹೋದರನ ಪ್ರಶ್ನೆಯಾದ “ಯಾವ ಗಳಿಗೆಯಿಂದ” ಎಂಬದಕ್ಕೆ ನಮ್ಮ ಉತ್ತರವೂ ಇದೇ: ಜೊಂಡಿನಲ್ಲಿ ಉಸಿರು ಬಂದು, ಕೂಗು ಕೇಳಿದ ಗಳಿಗೆಯಿಂದ.

ಹಾಗಾದರೆ ಅವನು ತಿರುಗಿ ಹೋಗಿ ಸಾಯಬೇಕಾಗಿತ್ತೋ? ಇದು ಕಠಿಣವಾದ ಮಾತು. ಕ್ರಿಸ್ತನಿಗೆ ಮುಂಚಿನ 2ನೇ ಶತಮಾನದಲ್ಲಿದ್ದ ಕರ್ನೇಯಾದೆಸ್ ಎಂಬ ಪಂಡಿತನು ಹಡಗು ಒಡೆದ ಮೇಲೆ ಒಂದೇ ಹಲಗೆಯನ್ನು ಹಿಡಿದ ಇಬ್ಬರ ದೃಷ್ಟಾಂತವನ್ನು ಹೇಳಿ, ಬಲಹೀನನನ್ನು ನೂಕದೆ ತಾನೇ ಮುಳುಗುವ ನೀತಿವಂತನು ಹುಚ್ಚನೆಂದು ವಾದಿಸಿದನು. ಇದನ್ನು ಬರೆದಿಟ್ಟ ಲಕ್ತಾಂತಿಯಸನೆಂಬ ಸಭಾಪಿತೃವು, ನೀತಿವಂತನು ಪರರಿಗೆ ಕೇಡುಮಾಡುವದಕ್ಕಿಂತ ಸಾಯುವನೆಂದು ಉತ್ತರ ಕೊಟ್ಟನು. ಅದಲ್ಲದೆ, ತನ್ನ ದೇಶದಲ್ಲಿರುವದೇ ಸಾಕಾಗಿರುವ ನೀತಿವಂತನು ಸಮುದ್ರಯಾನಕ್ಕೆ ಹೋಗುವದಾದರೂ ಯಾತಕ್ಕೆ ಎಂದೂ ಕೇಳಿದನು. ಆ ದೊಡ್ಡ ಮನುಷ್ಯನು ಮೀನು ಮಾರಿ ಅಕ್ಕಿ ಕೊಳ್ಳುವವರನ್ನು ನೋಡಿರಲಿಕ್ಕಿಲ್ಲವೆಂದು ತೋರುತ್ತದೆ. ನಮ್ಮವರು ಕೆರೆಗೆ ಹೋಗಲೇಬೇಕು.

ನಮ್ಮ ಸಹೋದರನು ಯಾರನ್ನೂ ಹಲಗೆಯಿಂದ ನೂಕಲಿಲ್ಲ, ಹಿಂದಿರುಗಲಿಲ್ಲ, ಅಷ್ಟೇ. ಸಾಯಲಿಲ್ಲವೆಂಬ ಕಾರಣದಿಂದ ಒಬ್ಬನನ್ನು ದೋಷಿಯೆನ್ನುವ ಅಧಿಕಾರವು ಯಾವ ಸಭೆಗೂ ಇಲ್ಲವೆಂದು ನಾವು ನೆನಸುತ್ತೇವೆ. “ಹೋಗಿದ್ದರೆ ಇಬ್ಬರೂ ಸಾಯುತ್ತಿದ್ದೆವು, ಎರಡು ಮನೆ ಅನಾಥವಾಗುತ್ತಿದ್ದವು” ಎಂದು ಅವನು ಅಲ್ಲಿ ಲೆಕ್ಕ ಹಾಕಿ ಕುಳಿತಿದ್ದರೆ ಅದು ಒಂದು ಮಾತು. ನಾವೇ ಅವನ ಮನಸ್ಸು ಹಗುರವಾಗಲೆಂದು ಆ ಮಾತನ್ನು ಅವನ ಬಾಯಿಗೆ ಕೊಟ್ಟೆವು. ಅವನು ತಲೆಯಲ್ಲಾಡಿಸಿ, “ಇಲ್ಲ ಅಯ್ಯನವರೇ, ಆ ಲೆಕ್ಕ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಅಲ್ಲಿ ನಾನು ಸುಮ್ಮನೆ ಅಡಗಿದ್ದೆ” ಎಂದನು. ಆಗ ನಮಗೆ ನಾಚಿಕೆಯಾಯಿತು. ಆ ಮೇಲೆ ಸಿಕ್ಕಿದ ಕಾರಣವು ಆಗ ಮಾಡಿದ ಕೆಲಸಕ್ಕೆ ಕಾರಣವಾಗಲಾರದು. ಅದು ಹರಕು ಬಟ್ಟೆಗೆ ಹಾಕಿದ ತೇಪೆ. ಬೋಧಕರಾದ ನಾವು ತೇಪೆ ಹಾಕಲು ಹೋದೆವು, ಮೀನು ಹಿಡಿಯುವವನು ಅದನ್ನು ಕಿತ್ತುಹಾಕಿದನು.

ಇಂಥ ಸಂದರ್ಭದಲ್ಲಿ ಜೇನ್ನೊಣವನ್ನು ತೋರಿಸಿ, ಅದು ತನ್ನ ಗೂಡಿಗಾಗಿ ಕೊಂಡಿಯನ್ನೂ ಪ್ರಾಣವನ್ನೂ ಒಟ್ಟಿಗೆ ಕೊಡುತ್ತದೆ, ನೀನು ಕೊಡಲಿಲ್ಲವಲ್ಲಾ ಎಂದು ಬೋಧಿಸುವದು ಸುಲಭ. ಹಾಗೆ ಬೋಧಿಸಿದ್ದನ್ನು ನಾವು ಕೇಳಿದ್ದೇವೆ, ನಾವೂ ಬೋಧಿಸಿದ್ದುಂಟು. ಇನ್ನು ಮೇಲೆ ಮಾಡಲಾರೆವು. ಕಚ್ಚಲೋ ಬೇಡವೋ ಎಂಬ ಯೋಚನೆ ನೊಣಕ್ಕಿಲ್ಲ. ಅದಕ್ಕೆ ಜೊಂಡಿನ ಆಸೆ ಇಲ್ಲ, ರಾತ್ರಿ ಅನ್ನ ಗಂಟಲಿಗೆ ಇಳಿಯದೆ ಇರುವದೂ ಇಲ್ಲ. ಓಡಬಲ್ಲವನಿಗೇ ನಿಲ್ಲಬೇಕೆಂಬ ಆಜ್ಞೆಗೆ ಅರ್ಥವುಂಟು.

ಮಿಕ್ಕದ್ದು ಅವನ ಸುಳ್ಳು. ಇದರ ವಿಷಯದಲ್ಲಿ ಬಹಳ ಬರೆಯಬೇಕಾಗಿಲ್ಲ, ಅವನಿಗೂ ಸಂದೇಹವಿರಲಿಲ್ಲ. ಹೊಗಳಿಕೆಯನ್ನು ಬಾಯಿ ಮುಚ್ಚಿ ತೆಗೆದುಕೊಂಡ ಆ ದಿನಗಳಲ್ಲಿ ಒಂದು ನೊಣವೂ ಅವನನ್ನು ಅಟ್ಟುತ್ತಿರಲಿಲ್ಲ. ತಿಬೇರಿಯ ಸಮುದ್ರದ ತೀರದಲ್ಲಿ ಕರ್ತನು ಕೆಂಡದ ಬೆಂಕಿಯನ್ನು ಸಿದ್ಧಮಾಡಿ ನಿಂತಾಗ ಪೇತ್ರನು ದೋಣಿಯಿಂದ ನೀರಿಗೆ ಧುಮುಕಿ ಅವನ ಬಳಿಗೆ ಹೋದದ್ದನ್ನು ನಾವು ಆ ಸಹೋದರನಿಗೆ ಓದಿ ಹೇಳಿದೆವು. ಅಲ್ಲಿ ಕರ್ತನು ಅವನ ಓಟವನ್ನು ಎತ್ತಿ ಆಡಲಿಲ್ಲ. ಪ್ರೀತಿ ಉಂಟೋ ಎಂದು ಮೂರು ಸಾರಿ ಕೇಳಿದನು. ನಮ್ಮವನು ಕೇಳಿ, ಏನೂ ಮಾತಾಡದೆ ಎದ್ದು ಹೋದನು.

ಅದೇ ರಾತ್ರಿ ತಂಗಿಯ ಮನೆಗೆ ಹೋಗಿ, ಅವಳು ಕೇಳುವಂತೆ, ಮೈದುನನಿಗೆ ಎಲ್ಲವನ್ನೂ ತಿಳಿಸಿದನು. ತಂಗಿಯು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಣ್ಣನೊಡನೆ ಮಾತಾಡಲು ಒಂದು ತಿಂಗಳು ಹಿಡಿಯಿತು. ಮೈದುನನು ಮಾತ್ರ ಬಹಳ ಹೊತ್ತು ಬಲೆಯ ಗಂಟುಗಳನ್ನು ಬಿಡಿಸುತ್ತಾ ಇದ್ದು, “ಭಾವ, ನೀವು ಜೊಂಡಿನಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು” ಎಂದನಂತೆ.

ಆ ಆಲದ ಮರಕ್ಕೆ ಈ ವರ್ಷವೂ ಹೆಜ್ಜೇನು ಬಂದು ಕಟ್ಟಿದೆ. ಇಬ್ಬರೂ ಈಗ ಕೆರೆಯ ಪಡುವಲ ಕಡೆಯಲ್ಲಿ ಬಲೆ ಬಿಡುತ್ತಾರೆ; ಅಲ್ಲಿ ಮೀನು ಕಡಿಮೆ. ಏರಿಯ ಮಗ್ಗುಲಲ್ಲಿ ನೀರು ಎದೆಮಟ್ಟ ಇರುವ ಕಡೆಯಲ್ಲಿ ಹಿರಿಯವನು ಕಿರಿಯವನ ಹೊಟ್ಟೆಯ ಕೆಳಗೆ ಕೈಕೊಟ್ಟು ಈಜು ಕಲಿಸುವದನ್ನು ನಾವು ಹೋದ ವಾರ ನೋಡಿದೆವು. ಬರುವ ರಾತ್ರಿಭೋಜನಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದಾರೆ.