ಅಪ್ಪಣೆಯಿಲ್ಲದ ಮಾತು

2021ರ ಅಕ್ಟೋಬರ್ 24ರಂದು ದುಬೈನಲ್ಲಿ ಟಿ20 ವಿಶ್ವಕಪ್‌ನ ಪಾಕಿಸ್ತಾನ ವಿರುದ್ಧದ ಪಂದ್ಯ ಶುರುವಾಗುವ ಮುನ್ನ ಭಾರತದ ಕ್ರಿಕೆಟಿಗರು ಮಂಡಿಯೂರಿದರು. ಅಮೆರಿಕದಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯದ ವಿರುದ್ಧ ಎದ್ದಿದ್ದ ಚಳವಳಿಗೆ ಅದು ಬೆಂಬಲ. ಹಾಗೆ ಮಾಡುವಂತೆ ತಂಡದ ಆಡಳಿತ ತಿಳಿಸಿತ್ತು ಎಂದು ನಾಯಕ ವಿರಾಟ್ ಕೊಹ್ಲಿ ಆಮೇಲೆ ಹೇಳಿದರು. ಎರಡು ದಿನ ಕಳೆದ ಮೇಲೆ ಅದೇ ಊರಿನಲ್ಲಿ ದಕ್ಷಿಣ ಆಫ್ರಿಕಾದ ಕ್ವಿಂಟನ್ ಡಿ ಕಾಕ್ ಪಂದ್ಯದಿಂದಲೇ ಹೊರಗುಳಿದರು. ಎಲ್ಲರೂ ಮಂಡಿಯೂರಲೇಬೇಕೆಂದು ಅವರ ಮಂಡಳಿ ಆದೇಶಿಸಿತ್ತು. ತಮ್ಮ ಮನೆಯಲ್ಲೇ ಕಪ್ಪು ವರ್ಣದವರಿದ್ದಾರೆ, ಆದೇಶದ ರೀತಿ ತಮ್ಮ ಹಕ್ಕನ್ನು ಕಸಿದಂತೆ ಅನ್ನಿಸಿತು ಎಂದು ವಿವರಿಸಿದ ಅವರು, ಕ್ಷಮೆ ಕೇಳಿ ಮುಂದಿನ ಪಂದ್ಯಗಳಲ್ಲಿ ಮಂಡಿಯೂರಿದರು.

ಕ್ರೀಡೆಯಲ್ಲಿ ರಾಜಕೀಯ ಬೆರೆಸಬಾರದು ಎನ್ನುವ ಮಾತು ಆಟಗಾರನೊಬ್ಬ ಬಾಯಿ ತೆರೆದಾಗಲೆಲ್ಲ ಕೇಳಿಬರುತ್ತದೆ. ಆದರೆ ದುಬೈನಲ್ಲಿ ಆಟಗಾರರನ್ನು ಮಂಡಿಯೂರಿಸಿದ್ದು ಆಡಳಿತವೇ. 2019ರ ಮಾರ್ಚ್ 8ರಂದು ರಾಂಚಿಯಲ್ಲಿ ಭಾರತ ತಂಡ ಪುಲ್ವಾಮಾದಲ್ಲಿ ಮಡಿದವರ ಸ್ಮರಣೆಗೆ ಸೇನೆಯ ಬಣ್ಣದ ಟೋಪಿ ತೊಟ್ಟಾಗ ಐಸಿಸಿ ಒಪ್ಪಿಗೆ ಕೊಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾ ಎಲ್ಲ ಜೀವಗಳೂ ಸಮಾನ ಎಂಬ ಅರ್ಥದ ಮಾತು ಬರೆದ ಬೂಟು ತೊಡಲು ಹೊರಟಾಗ ಅದೇ ಐಸಿಸಿ ತಡೆಯಿತು. ಅವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದ್ದಕ್ಕೆ ಛೀಮಾರಿಯನ್ನೂ ಹಾಕಿತು. ಮಡಿದವರನ್ನು ಸ್ಮರಿಸಿದ್ದು ಸರಿಯೇ. ಆದರೆ ಒಂದನ್ನು ಗೌರವವೆಂದೂ ಇನ್ನೊಂದನ್ನು ರಾಜಕೀಯವೆಂದೂ ವಿಂಗಡಿಸುವ ಅಧಿಕಾರ ಮಂಡಳಿಗಳ ಕೈಯಲ್ಲೇ ಉಳಿದಿದೆ. ನಿಷೇಧವಿರುವುದು ರಾಜಕೀಯಕ್ಕಲ್ಲ, ಅಪ್ಪಣೆ ಪಡೆಯದ ಮಾತಿಗೆ.

ಅಂಥ ಮಾತಿನ ಬೆಲೆ ಎಷ್ಟೆಂಬುದನ್ನು ಹೆನ್ರಿ ಒಲಾಂಗಾ ಅವರಷ್ಟು ಬಲ್ಲವರು ಕಡಿಮೆ. 2003ರ ಫೆಬ್ರುವರಿ 10ರಂದು ಹರಾರೆಯಲ್ಲಿ ನಮೀಬಿಯಾ ವಿರುದ್ಧ ವಿಶ್ವಕಪ್ ಪಂದ್ಯ. ಜಿಂಬಾಬ್ವೆಯ ಅತ್ಯುತ್ತಮ ಬ್ಯಾಟರ್ ಆ್ಯಂಡಿ ಫ್ಲವರ್, ಆ ದೇಶಕ್ಕೆ ಆಡಿದ ಮೊದಲ ಕಪ್ಪು ಕ್ರಿಕೆಟಿಗ ಒಲಾಂಗಾ ಇಬ್ಬರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ತಮ್ಮ ನಾಡಿನಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಅದಕ್ಕೆ ಈ ಶೋಕ ಎಂದು ಪತ್ರಕರ್ತರಿಗೆ ಹೇಳಿಕೆ ಹಂಚಿದರು. ದೇಶದ ಅಧ್ಯಕ್ಷ ರಾಬರ್ಟ್ ಮುಗಾಬೆಯೇ ಕ್ರಿಕೆಟ್ ಮಂಡಳಿಯ ಪೋಷಕರಾಗಿದ್ದರು! ಅಂಥ ಮೈದಾನಕ್ಕೆ ರಾಜಕೀಯ ತಂದವರು ಈ ಇಬ್ಬರು ಎನ್ನುವುದು ಹೇಗೆ? ಒಲಾಂಗಾಗೆ ಕೊಲೆ ಬೆದರಿಕೆಗಳು ಬಂದವು, ಅವರು ದೇಶ ಬಿಟ್ಟರು. ಇಪ್ಪತ್ತಾರನೆಯ ವಯಸ್ಸಿಗೇ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. ಫ್ಲವರ್ ಕೂಡ ಇಂಗ್ಲೆಂಡಿಗೆ ಹೋದರು. ಅಪ್ಪಣೆಯಿಂದ ಮಂಡಿಯೂರಿದವರಿಗೂ ಇವರಿಗೂ ಇರುವ ಅಂತರ ಧೈರ್ಯದ್ದಷ್ಟೇ ಅಲ್ಲ. ಕಪ್ಪು ಪಟ್ಟಿ ಕಟ್ಟಿಕೊಳ್ಳದೆ ಇರುವ ದಾರಿ ತೆರೆದೇ ಇದ್ದುದರಿಂದ ಅದು ಅವರ ಸ್ವಂತ ಮಾತಾಯಿತು. ಡಿ ಕಾಕ್ ಕಳೆದುಕೊಂಡದ್ದು ಆ ದಾರಿಯನ್ನು. ವರ್ಣಭೇದಕ್ಕೆ ಎದುರಾದ ಆದೇಶವೂ ಆದೇಶವೇ.

ಭಾರತದ ಕುಸ್ತಿಪಟುಗಳ ಹೋರಾಟವನ್ನು ಈ ಬೆಳಕಿನಲ್ಲೇ ನೋಡಬೇಕು. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮತ್ತಿತರರು ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಕುಸ್ತಿ ಫೆಡರೇಷನ್ನಿನ ಅಧ್ಯಕ್ಷರೂ ಸಂಸದರೂ ಆಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ವಿರುದ್ಧ ಲೈಂಗಿಕ ಕಿರುಕುಳದ ಆರೋಪವಿತ್ತು. ಅವರು ಅದನ್ನು ಅಲ್ಲಗಳೆದರು. ಬೀದಿಗಿಳಿದದ್ದು ಅಶಿಸ್ತು ಎಂದವರು ಸ್ವತಃ ಮಹಾನ್ ಓಟಗಾರ್ತಿ, ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ. ಅಮೆರಿಕದ ಚಳವಳಿಯನ್ನು ಬೆಂಬಲಿಸಿದ ಕ್ರಿಕೆಟಿಗರು ನಮ್ಮ ವಿಷಯದಲ್ಲಿ ಏಕೆ ಸುಮ್ಮನಿದ್ದಾರೆ ಎಂದು ವಿನೇಶ್ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಉತ್ತರಿಸುವಂತೆ ಯಾರನ್ನೂ ಬಲವಂತ ಮಾಡಲಾಗದು ಎಂಬುದೂ ಅಷ್ಟೇ ನ್ಯಾಯ.

ಮೇ 28ರಂದು ಪೊಲೀಸರು ಕುಸ್ತಿಪಟುಗಳನ್ನು ಎಳೆದೊಯ್ದ ಮೇಲೆ ಅನಿಲ್ ಕುಂಬ್ಳೆ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು. 1983ರ ವಿಶ್ವಕಪ್ ಗೆದ್ದವರ ಹೆಸರಿನಲ್ಲಿ ಕುಸ್ತಿಪಟುಗಳ ಪರ ಹೇಳಿಕೆಯೊಂದು ಬಂದಾಗ, ಆ ತಂಡದ ರೋಜರ್ ಬಿನ್ನಿ, ಆಗ ಬಿಸಿಸಿಐ ಅಧ್ಯಕ್ಷರು, ಅದು ತಮ್ಮದಲ್ಲ, ಕ್ರೀಡೆಯೊಂದಿಗೆ ರಾಜಕೀಯ ಬೆರೆಸಬಾರದು ಎಂದರು. ಇಬ್ಬರೂ ಬೆಂಗಳೂರಿನವರು. 2021ರ ಫೆಬ್ರುವರಿಯಲ್ಲಿ ರೈತರ ಹೋರಾಟದ ಬಗ್ಗೆ ಹೊರದೇಶದವರು ಮಾತಾಡಿದಾಗ ಅನೇಕ ಕ್ರಿಕೆಟಿಗರು ಸರ್ಕಾರದ ನಿಲುವಿಗೆ ದನಿಗೂಡಿಸಿದ್ದರು, ಕುಂಬ್ಳೆಯೂ ಬರೆದಿದ್ದರು. ಆ ಮಾತನ್ನು ಒಪ್ಪದವರೂ ಅದನ್ನು ಆಡುವ ಅವರ ಹಕ್ಕನ್ನು ಒಪ್ಪಲೇಬೇಕು. ಇಲ್ಲವಾದರೆ ಕುಸ್ತಿಪಟುಗಳ ಪರ ವಾದಿಸುವ ನೈತಿಕ ನೆಲೆಯೇ ಉಳಿಯದು.

ಆಟಗಾರರಿಗೆ ರಾಜಕೀಯ ಏನು ಗೊತ್ತು ಎಂಬ ಆಕ್ಷೇಪ ಕುಸ್ತಿಪಟುಗಳ ಮುಂದೆ ನಿಲ್ಲುವುದೇ ಇಲ್ಲ. ಅವರು ಮಾತಾಡಿದ್ದು ತಮ್ಮದೇ ಅಖಾಡದ ಬಗ್ಗೆ. ಬೇರೆ ವಿಷಯಗಳಲ್ಲೂ ಮತ ಹಾಕಲು ಬೇಕಿಲ್ಲದ ಪಾಂಡಿತ್ಯ ಮಾತಾಡಲು ಏಕೆ ಬೇಕು?

ಗಮನ ಚದುರುತ್ತದೆ, ಅಭಿಮಾನಿಗಳು ಒಡೆಯುತ್ತಾರೆ ಎಂಬ ಇನ್ನೊಂದು ಭಯವಿದೆ. ಆದರೆ ಭಾರತ ಫುಟ್‌ಬಾಲ್ ತಂಡದ ಆಗಿನ ನಾಯಕ, ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಕುಸ್ತಿಪಟುಗಳನ್ನು ನಡೆಸಿಕೊಂಡ ರೀತಿಯನ್ನು 2023ರ ಅದೇ ಮೇ ತಿಂಗಳಲ್ಲಿ ಬಹಿರಂಗವಾಗಿ ಖಂಡಿಸಿದ್ದರು. ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ಮೂರು ಗೋಲು ಹೊಡೆದರು. ಜುಲೈ 4ರಂದು ಅಲ್ಲೇ ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಭಾರತ ಸ್ಯಾಫ್ ಕಪ್ ಗೆದ್ದಿತು. ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವರೂ ಚೆಟ್ರಿಯೇ.