ಹಾಸ್ಯವೂ ಧರ್ಮವಿವೇಕವೂ

ಲೋಕದಲ್ಲಿ ದುಃಖವೂ ಭಯವೂ ಇಷ್ಟೊಂದು ತುಂಬಿರುವಾಗ, ಕೇವಲ ವಿನೋದಾರ್ಥವಾಗಿ ರಚಿತವಾದುದೊಂದನ್ನು ನೋಡಿ ನಕ್ಕು ಸಂತೋಷಪಡುವುದು ವಿಚಾರವಂತನಿಗೆ ಉಚಿತವೇ ಎಂಬ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸುವವನಲ್ಲ. ಅದಕ್ಕೆ ಉತ್ತರವನ್ನು ಅರಸುವಾಗಲೆಲ್ಲ ನನ್ನ ಮನಸ್ಸು ಹರಿಯುವುದು ‘ಗೆಟ್ ಸ್ಮಾರ್ಟ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ ಕಡೆಗೆ.

ಮೆಲ್ ಬ್ರೂಕ್ಸ್ ಮತ್ತು ಬಕ್ ಹೆನ್ರಿ ಕಲ್ಪಿಸಿದ ಈ ಕೃತಿ 1965ರಿಂದ 1970ರವರೆಗೆ ಪ್ರಸಾರವಾಯಿತು. ಕ್ಯೂಬಾದ ಕ್ಷಿಪಣಿಗಳ ನಿಮಿತ್ತವಾಗಿ 1962ರಲ್ಲಿ ಜಗತ್ತು ಅಣುಯುದ್ಧದ ಅಂಚಿನವರೆಗೆ ಹೋಗಿ ಹಿಂದಿರುಗಿದ್ದ ಕಾಲವದು. ಜೇಮ್ಸ್ ಬಾಂಡನ ಚಲನಚಿತ್ರಗಳು ಗೂಢಚಾರನನ್ನು ಅಜೇಯ ವೀರನೆಂದು ಮೆರೆಸುತ್ತಿದ್ದ ಕಾಲ. ಇಲ್ಲಿಯಾದರೋ, ಡಾನ್ ಆಡಮ್ಸ್ ಅಭಿನಯಿಸಿದ ಏಜೆಂಟ್ 86, ಮ್ಯಾಕ್ಸ್‌ವೆಲ್ ಸ್ಮಾರ್ಟ್, ಕಾಲಿನ ಬೂಟನ್ನು ಕಳಚಿ ಅದರಲ್ಲಿ ಅಡಗಿರುವ ಟೆಲಿಫೋನಿನಲ್ಲಿ ಮಾತನಾಡುತ್ತಾನೆ; ರಹಸ್ಯಾಲೋಚನೆಗೆಂದು ಮೇಲಿನಿಂದ ಇಳಿಬಿಡುವ ‘ಕೋನ್ ಆಫ್ ಸೈಲೆನ್ಸ್’ ಎಂಬ ಪಾರದರ್ಶಕ ಯಂತ್ರದೊಳಗೆ ಕುಳಿತವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಶತ್ರುವಿನಿಂದ ಗುಟ್ಟನ್ನು ಮರೆಮಾಡಲು ನಿರ್ಮಿತವಾದ ಸಾಧನವು ಅದನ್ನು ತನ್ನವರಿಂದಲೇ ಮರೆಮಾಡುತ್ತದೆ.

ವಿಕೃತವಾದ ವೇಷಾಲಂಕಾರಾದಿಗಳನ್ನು ಭರತಮುನಿಯು ಹಾಸ್ಯದ ವಿಭಾವಗಳೆಂದು ಎಣಿಸಿದನು. ಅಭಿನವಗುಪ್ತನು ಇನ್ನೂ ಮುಂದೆ ಸಾಗಿ, ಅನೌಚಿತ್ಯವೇ ಹಾಸ್ಯಕ್ಕೆ ಮೂಲವಾದುದರಿಂದ ಯಾವ ರಸದ ಆಭಾಸವಾದರೂ ಹಾಸ್ಯವಾಗಿ ಪರಿಣಮಿಸಬಲ್ಲುದೆಂದು ತಿಳಿಸಿದನು. ಸ್ಮಾರ್ಟನ ಸಾಹಸಗಳು ವೀರದ ಆಭಾಸ, ಅವನ ಶತ್ರುಗಳ ಸಂಚುಗಳು ಭಯಾನಕದ ಆಭಾಸ. ಆಭಾಸವನ್ನು ಆಭಾಸವೆಂದು ಗುರುತಿಸುವುದು ವಿವೇಕದ ಕಾರ್ಯವಷ್ಟೆ. ಹಾಗಾದರೆ ಈ ನಗೆಯಲ್ಲಿ ಬುದ್ಧಿಯು ಎಚ್ಚತ್ತೇ ಇರುತ್ತದೆ.

ಒಂದು ಸಂದರ್ಭದಲ್ಲಿ ಎದುರುಪಕ್ಷವಾದ ‘ಕೇಯಾಸ್’ ಸಂಸ್ಥೆಯ ಕೊಲೆಗಡುಕನೊಬ್ಬನು ಹತನಾದಾಗ, ಬಾರ್ಬರಾ ಫೆಲ್ಡನ್ ಅಭಿನಯಿಸಿದ ಏಜೆಂಟ್ 99, ತಾವಾದರೂ ಅವರಿಗಿಂತ ಮೇಲೇ ಎಂದು ಸಂಶಯಪಡುತ್ತಾಳೆ. ಸ್ಮಾರ್ಟನು, ಲೋಕದ ಒಳಿತೆಲ್ಲಕ್ಕೂ ತಾವೇ ಪ್ರತಿನಿಧಿಗಳಾದ ಕಾರಣ ಗುಂಡಿಕ್ಕುವುದೂ ಕೊಲ್ಲುವುದೂ ನಾಶಗೊಳಿಸುವುದೂ ತಮಗೆ ಅನಿವಾರ್ಯವೆಂದು ನಿಶ್ಶಂಕೆಯಿಂದ ಉತ್ತರಿಸುತ್ತಾನೆ. ಪ್ರೇಕ್ಷಕನು ನಗುತ್ತಾನೆ, ನಗುನಗುತ್ತಿರುವಂತೆಯೇ, ಸಾಧ್ಯವು ಸಾಧುವಾದ ಮಾತ್ರಕ್ಕೆ ಸಾಧನವೂ ಸಾಧುವಾದೀತೇ ಎಂಬ, ಕುರುಕ್ಷೇತ್ರದಷ್ಟು ಹಳೆಯದಾದ ಪ್ರಶ್ನೆಯು ಅವನ ಅಂತಃಕರಣವನ್ನು ಹೊಕ್ಕಿರುತ್ತದೆ. ಉಪದೇಶಕನು ಇದನ್ನೇ ನುಡಿದಿದ್ದರೆ ಅಭಿಮಾನವು ಬಾಗಿಲಿಕ್ಕಿಕೊಳ್ಳುತ್ತಿತ್ತು. ನಗೆಗೆ ಆ ಬಾಗಿಲು ತಾನಾಗಿ ತೆರೆಯುತ್ತದೆ.

ಎಲ್ಲ ನಗೆಯೂ ಇಂಥದಲ್ಲ. ದುರ್ಬಲನ ಮೇಲೆ ಎರಗುವ ನಗೆ ಹಿಂಸೆಯ ಒಂದು ರೂಪವೇ ಸರಿ. ಆದರೆ ಇಲ್ಲಿ ಪರಿಹಾಸಕ್ಕೆ ಗುರಿಯಾದುದು ಅಧಿಕಾರದ ಆಡಂಬರ. ಪದೇಪದೇ ಎಡವುವ ಸ್ಮಾರ್ಟನ ಮೇಲೆ ನಮಗೆ ಹುಟ್ಟುವುದು ವಾತ್ಸಲ್ಯ. ಭಯವು ಎದುರಾಳಿಯನ್ನು ರಾಕ್ಷಸನೆಂದೂ ನಮ್ಮನ್ನು ದೇವತೆಗಳೆಂದೂ ತೋರಿಸುವ ಕಾಲದಲ್ಲಿ, ಉಭಯರನ್ನೂ ತಪ್ಪುವ ಮನುಷ್ಯರೆಂದೇ ಕಾಣಿಸುವ ವಿನೋದವನ್ನು ನಿರ್ಮಲಚಿತ್ತದಿಂದ ಸವಿಯುವುದು ಧರ್ಮಕ್ಕೆ ವಿರೋಧವಲ್ಲ; ಅದು ಧರ್ಮಕ್ಕೆ ಅವಶ್ಯವಾದ ವಿನಯದ ಅಭ್ಯಾಸವೇ ಆಗಿದೆಯೆಂದು ನಾನು ನಂಬುತ್ತೇನೆ.